ಜಮಾಖರ್ಚಿನಲ್ಲಿ ಬರೆಯದ ಬಾಬು

ಪರಿಸರವನ್ನು ಕಾಪಾಡುವ ಕಾರ್ಯವು ಅರಣ್ಯ ಇಲಾಖೆಯವರಿಗೋ ವಿಜ್ಞಾನಿಗಳಿಗೋ ಸೇರಿದ್ದೆಂದೂ, ತಿಂಗಳ ಕೊನೆಗೆ ಕರೆಂಟು ಬಿಲ್ಲು ಕಟ್ಟಿ, ದಿನಸಿ ಅಂಗಡಿಯ ಬಾಕಿ ತೀರಿಸಿ, ಉಳಿದುದರಲ್ಲಿ ಮಕ್ಕಳ ಶುಲ್ಕವನ್ನು ಹೊಂದಿಸತಕ್ಕ ಸಂಸಾರಿಗಳಿಗೆ ಅದರ ಗೊಡವೆ ಸಲ್ಲದೆಂದೂ ನಮ್ಮಲ್ಲಿ ಬಹುಕಾಲದಿಂದ ಒಂದು ಭಾವನೆ ಬೇರೂರಿದೆ. ಆಂಧ್ರದ ಗಡಿಯೂರಾದ ಅಮರಾಪುರದಲ್ಲಿ ನೆಲೆಸಿ, ಮನೆಯ ಜಮಾಖರ್ಚಿನ ಪುಸ್ತಕವನ್ನು ಅನೇಕ ವರ್ಷಗಳಿಂದ ತಪ್ಪದೆ ಬರೆದುಕೊಂಡು ಬಂದಿರುವ ನನ್ನ ಅನುಭವವಾದರೋ ಇದಕ್ಕೆ ವಿರುದ್ಧವಾದುದು. ಮಿತವ್ಯಯಕ್ಕೆಂದು ಮನೆಯಲ್ಲಿ ಕೈಗೊಂಡ ಕ್ರಮಗಳಲ್ಲಿ ಬಹುಭಾಗ ಪರಿಸರಕ್ಕೂ ಹಿತವಾದುವೇ ಆಗಿವೆ. ಆದರೆ ಎಲ್ಲಿ ವಸ್ತುವಿಗೆ ಬೆಲೆ ಇಲ್ಲವೋ ಅಲ್ಲಿ ಲೆಕ್ಕವೂ ಇಲ್ಲ, ಎಲ್ಲಿ ಲೆಕ್ಕವಿಲ್ಲವೋ ಅಲ್ಲಿಯೇ ದೊಡ್ಡ ಹಾನಿ ನಡೆಯುತ್ತಿದೆ.

ಬೆಲೆಯುಳ್ಳ ಬಾಬುಗಳನ್ನು ಮೊದಲು ನೋಡೋಣ. 60 ವಾಟಿನ ಹಳೆಯ ಬುರುಡೆ ಬಲ್ಬನ್ನು ತೆಗೆದು 9 ವಾಟಿನ ಎಲ್‌ಇಡಿ ಹಾಕಿದರೆ, ದಿನಕ್ಕೆ 5 ಗಂಟೆ ಉರಿಯುವ ಒಂದು ದೀಪದಲ್ಲಿ ವರ್ಷಕ್ಕೆ ಸುಮಾರು 93 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 5 ರೂಪಾಯಿಯೆಂದು ಹಿಡಿದರೂ ಅದು 465 ರೂಪಾಯಿ. ಸಾಮಾನ್ಯ ಸೀಲಿಂಗ್ ಫ್ಯಾನು 75 ವಾಟ್ ಎಳೆಯುವಲ್ಲಿ ಬಿಎಲ್‌ಡಿಸಿ ಮೋಟರಿನ ಫ್ಯಾನು 30 ವಾಟಿಗೆ ತೃಪ್ತಿಪಡುತ್ತದೆ. ದಿನಕ್ಕೆ 10 ಗಂಟೆಯಂತೆ ವರ್ಷದಲ್ಲಿ 250 ದಿನ ತಿರುಗಿದರೆ 112 ಯೂನಿಟ್ಟಿನಷ್ಟು ಉಳಿತಾಯವಾಗಿ, ಕೊಳ್ಳುವಾಗ ಹೆಚ್ಚಾಗಿ ತೆತ್ತ ಸಾವಿರ ಚಿಲ್ಲರೆ ರೂಪಾಯಿ ಎರಡು ಮೂರು ವರ್ಷದೊಳಗೆ ಕೈಗೆ ಮರಳುತ್ತದೆ. ಕಡಪ ಜಿಲ್ಲೆಯ ಮುದ್ದನೂರಿನ ಬಳಿಯ ಶಾಖೋತ್ಪನ್ನ ಕೇಂದ್ರದಂಥಲ್ಲಿ ಒಂದು ಯೂನಿಟ್ ವಿದ್ಯುತ್ತನ್ನು ಪಡೆಯಬೇಕಾದರೆ ಅರ್ಧ ಕಿಲೋಗ್ರಾಮಿಗೂ ಮೀರಿದ ಕಲ್ಲಿದ್ದಲನ್ನು ಸುಡಬೇಕಾಗುವುದೆಂಬುದನ್ನು ನೆನೆದರೆ, ನಮ್ಮ ನಡುಮನೆಯ ದೀಪದ ಉಳಿತಾಯವು ಎಷ್ಟು ದೂರದ ಹೊಗೆಯನ್ನು ತಗ್ಗಿಸಿತೆಂಬುದು ತಿಳಿಯುತ್ತದೆ.

ಎರಡನೆಯ ಬಾಬು ಪೆಟ್ರೋಲಿನದು. ಆಂಧ್ರದ ದರಕ್ಕಿಂತ ಕರ್ನಾಟಕದ ದರವು ಲೀಟರಿಗೆ ಕೆಲವು ರೂಪಾಯಿ ಕಡಮೆಯಾಗಿರುವುದರಿಂದ, ಗಡಿಯಾಚೆಯ ಬಂಕಿಗೆ ಹೋಗಿ ಬೈಕಿಗೆ ಎಣ್ಣೆ ಹಾಕಿಸಿಕೊಂಡು ಬರುವುದು ನಮ್ಮ ಕಡೆ ಜಾಣತನವೆಂದು ಪರಿಗಣಿತವಾಗಿದೆ. ಶಿರಾಕ್ಕೋ ಹಿರಿಯೂರಿಗೋ ಬೇರೆ ಕೆಲಸದ ಮೇಲೆ ಹೋದವನು ಹಾಕಿಸಿಕೊಂಡರೆ ಅದು ನಿಜವಾಗಿಯೂ ಲಾಭವೇ. ಆದರೆ ಅದಕ್ಕಾಗಿಯೇ ಹೋಗಿಬರುವ ದಾರಿ 20 ಕಿಲೋಮೀಟರ್ ಆಯಿತೆಂದೂ, ಬೈಕು ಲೀಟರಿಗೆ 50 ಕಿಲೋಮೀಟರ್ ಓಡುವುದೆಂದೂ, ದರದ ವ್ಯತ್ಯಾಸ 6 ರೂಪಾಯಿಯೆಂದೂ ಇಟ್ಟುಕೊಂಡರೆ, 5 ಲೀಟರಿಗೆ 30 ರೂಪಾಯಿ ಉಳಿಸುವುದಕ್ಕೋಸ್ಕರ 40 ರೂಪಾಯಿಯ ಪೆಟ್ರೋಲನ್ನು ದಾರಿಯಲ್ಲಿ ಸುಟ್ಟಂತಾಯಿತು. ಮಡಕಶಿರದ ಕೆಲಸ, ಶಿರಾದ ಕೆಲಸ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ನಾಲ್ಕಾರು ಕೆಲಸಗಳು ಕೂಡಿದ ಮೇಲೆ ಬಸ್ಸಿನಲ್ಲಿ ಹೋಗಿಬರುವ ಪದ್ಧತಿಯನ್ನು ನಮ್ಮ ಮನೆಯಲ್ಲಿ ರೂಢಿಸಿಕೊಂಡ ಮೇಲೆ ಈ ಬಾಬಿನ ಮೊತ್ತ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಮದುವೆ, ತಿಥಿ, ಗೃಹಪ್ರವೇಶಗಳ ಊಟದೆಲೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಅಡಿಕೆಯ ತೋಟಗಳಲ್ಲಿ ಹಾಳೆ ತಾನಾಗಿ ಕಳಚಿ ಬೀಳುತ್ತಿರುವ ನಮ್ಮಂಥ ಊರಿನವರು ಹಾಳೆತಟ್ಟೆಯನ್ನಾಗಲಿ ಮುತ್ತುಗದೆಲೆಯನ್ನಾಗಲಿ ಬಿಟ್ಟು ಬೇರೊಂದನ್ನು ಹಣ ಕೊಟ್ಟು ತರುವುದು ಅರ್ಥಶಾಸ್ತ್ರಕ್ಕೂ ಸಲ್ಲದು, ಸಂಪ್ರದಾಯಕ್ಕೂ ಸಲ್ಲದು.

ಇನ್ನು ನೀರಿನ ವಿಚಾರ. ನೈಋತ್ಯ ಮಾರುತವು ತನ್ನ ಭಾರವನ್ನೆಲ್ಲ ಪಶ್ಚಿಮ ಘಟ್ಟಗಳಲ್ಲಿ ಇಳಿಸಿ ಬರಿಗೈಯಲ್ಲಿ ಬರುವುದರಿಂದಲೂ, ಈಶಾನ್ಯ ಮಾರುತಕ್ಕೆ ಕರಾವಳಿಯಿಂದ ಇಷ್ಟು ಒಳಗಿನ ನೆಲ ದೂರವಾಗುವುದರಿಂದಲೂ, ಅನಂತಪುರ ಸೀಮೆಗೆ ವರ್ಷದಲ್ಲಿ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. 2022ರ ಏಪ್ರಿಲ್‌ನಲ್ಲಿ ನಮ್ಮ ಮಡಕಶಿರದ ಭಾಗವೆಲ್ಲ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಾದರೂ ಜಿಲ್ಲೆಯ ಹೆಸರಿನೊಡನೆ ಮೋಡದ ಸ್ವಭಾವವೇನೂ ಬದಲಾಗಲಿಲ್ಲ. ನೊಳಂಬ ಅರಸರು ಹೆಂಜೇರೆಂಬ ಹೆಸರಿನಿಂದ ರಾಜಧಾನಿ ಮಾಡಿಕೊಂಡಿದ್ದ ಹೇಮಾವತಿ ನಮ್ಮ ಮಂಡಲದಲ್ಲಿಯೇ ಇದೆ. ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಅರಮನೆಯನ್ನೂ ದೇಗುಲವನ್ನೂ ಕಟ್ಟಿದವರು ಬಾಳಿದ್ದು ಬಿದ್ದ ಮಳೆಯನ್ನೂ ಮೇಲ್ಪದರದ ಒರತೆಯನ್ನೂ ನಂಬಿಕೊಂಡೇ ಹೊರತು ಸಾವಿರ ಅಡಿಯ ಆಳದ ನೀರನ್ನು ನಂಬಿಕೊಂಡಲ್ಲ.

ಈ ಅಲ್ಪವೃಷ್ಟಿಯೂ ಲೆಕ್ಕ ಹಾಕಿದರೆ ಅಲ್ಪವಲ್ಲ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿಯೆಂದರೆ ಸುಮಾರು 93 ಚದರ ಮೀಟರ್. ಅದರ ಮೇಲೆ ವರ್ಷದಲ್ಲಿ ಬೀಳುವುದು 51,000 ಲೀಟರ್. ಆವಿಯಾಗುವುದು, ಮೊದಲ ಮಳೆಯ ಕೊಳೆನೀರೆಂದು ಬಿಡುವುದು ಇವೆಲ್ಲವನ್ನೂ ಕಳೆದರೂ 40,000 ಲೀಟರಿಗೆ ಮೋಸವಿಲ್ಲ; ಅದು 5,000 ಲೀಟರಿನ ಎಂಟು ಟ್ಯಾಂಕರು. ಬೇಸಗೆಯಲ್ಲಿ ಟ್ಯಾಂಕರಿಗೆ ಹಣ ತೆತ್ತವರು ತಮ್ಮೂರಿನ ದರದಿಂದ ಇದನ್ನು ಗುಣಿಸಿಕೊಳ್ಳಲಿ.

ಇಲ್ಲಿಯವರೆಗಿನ ಮಾತು ಸುಲಭವಾದುದು; ಮುಂದಿನದು ಸ್ವಲ್ಪ ಕಹಿಯಾದುದು. ನಮ್ಮ ತಂದೆಯವರ ಕಾಲದಲ್ಲಿ ಬಾವಿಗೆ ಕಪಿಲೆ ಹೂಡಿ ನೀರೆತ್ತುತ್ತಿದ್ದರು. ಎತ್ತು ದಣಿದೊಡನೆ ನೀರೂ ನಿಲ್ಲುತ್ತಿತ್ತಾದುದರಿಂದ ಮಿತವೆಂಬುದು ಆ ವ್ಯವಸ್ಥೆಯೊಳಗೇ ಅಡಕವಾಗಿತ್ತು. ಈಗಿನ ಮೋಟರಿಗೆ ದಣಿವಿಲ್ಲ. 2004ರಿಂದ ಆಂಧ್ರದಲ್ಲಿ ಬೇಸಾಯದ ಪಂಪುಗಳಿಗೆ ವಿದ್ಯುತ್ತು ಉಚಿತವಾಗಿದೆ. ಬರಗಾಲದಿಂದ ಬೆಂದ ರೈತನಿಗೆ ಅದು ಆಸರೆಯಾಯಿತೆಂಬುದನ್ನು ಅಲ್ಲಗಳೆಯುವಷ್ಟು ಕೃತಘ್ನನು ನಾನಲ್ಲ. ಆದರೆ 5 ಅಶ್ವಶಕ್ತಿಯ ಪಂಪೊಂದು ಗಂಟೆಗೆ 4 ಯೂನಿಟ್ಟಿಗೆ ಕಡಮೆಯಿಲ್ಲದೆ ಎಳೆಯುತ್ತದೆ; ದಿನಕ್ಕೆ 6 ಗಂಟೆ ಓಡಿದರೆ 24 ಯೂನಿಟ್. ಹಾಗಾದರೆ ನಡುಮನೆಯ ಬಲ್ಬನ್ನು ಬದಲಾಯಿಸಿ ಇಡೀ ವರ್ಷದಲ್ಲಿ ಉಳಿಸಿದ 93 ಯೂನಿಟ್ಟನ್ನು ತೋಟದ ಪಂಪು ನಾಲ್ಕು ದಿನದಲ್ಲಿ ತೀರಿಸಿಬಿಡುತ್ತದೆ. ಬಲ್ಬಿಗೆ ಬಿಲ್ಲು ಬರುತ್ತದೆ, ಆದುದರಿಂದ ಅದನ್ನು ಆರಿಸುತ್ತೇವೆ. ಪಂಪಿಗೆ ಬಿಲ್ಲು ಬಾರದು, ಆದುದರಿಂದ ಸ್ಟಾರ್ಟರನ್ನು ‘ಆಟೋ’ದಲ್ಲಿಟ್ಟು, ಕರೆಂಟು ಬಂದಾಗ ಅದು ತಾನೇ ಓಡಲೆಂದು ಮನೆಗೆ ಬಂದು ಮಲಗುತ್ತೇವೆ. ತುಂಬಿದ ಪಾತಿಯನ್ನು ಮೀರಿ ನೀರು ದಾರಿಗೆ ಹರಿದರೂ ಯಾರ ಪುಸ್ತಕದಲ್ಲಿಯೂ ಖರ್ಚು ಬೀಳುವುದಿಲ್ಲ.

ಖರ್ಚು ಬೀಳುವುದಿಲ್ಲವೆಂಬುದು ಭ್ರಾಂತಿ. ಅದು ತಡವಾಗಿ, ಒಟ್ಟಾಗಿ ಬೀಳುತ್ತದೆ. ಕೊಳವೆಬಾವಿ ಬತ್ತಿದ ದಿನ ಕೊರೆಯುವ ಕೂಲಿ, ಕೇಸಿಂಗ್ ಪೈಪು, ಮೋಟರು, ಕೇಬಲ್ಲು ಎಲ್ಲ ಸೇರಿ ಲಕ್ಷವನ್ನು ದಾಟುವ ಮೊತ್ತವನ್ನು, ಅದೂ ಬಹುಮಟ್ಟಿಗೆ ಬಡ್ಡಿಯ ಹಣವನ್ನು, ನೀರು ಬಿದ್ದೀತೆಂಬ ಭರವಸೆಯಿಲ್ಲದೆ ನೆಲದೊಳಗೆ ಸುರಿಯಬೇಕಾಗುತ್ತದೆ. ಆದಕಾರಣ ನಾನು ಜಮಾಖರ್ಚಿನ ಪುಸ್ತಕದಲ್ಲಿ ತೋಟದ ನೀರಿಗೆ ಒಂದು ಬಾಬು ತೆರೆದೆ. ಬಾವಿಗೆ ಒಟ್ಟು 2 ಲಕ್ಷವೆಂದೂ ಅದರ ಆಯುಸ್ಸು 8 ವರ್ಷವೆಂದೂ ಹಿಡಿದರೆ ವರ್ಷಕ್ಕೆ 25,000, ದಿನಕ್ಕೆ ಸುಮಾರು 70 ರೂಪಾಯಿ. ಉಚಿತವಾದ 24 ಯೂನಿಟ್ಟಿಗೂ ಮನೆಯ ದರವನ್ನೇ ಹಾಕಿದರೆ 120 ರೂಪಾಯಿ. ಅಂತೂ ಪುಕ್ಕಟೆಯೆಂದು ಭಾವಿಸಿದ ಒಂದು ದಿನದ ನೀರಿಗೆ 190 ರೂಪಾಯಿ ಬೆಲೆ. ಇದರಲ್ಲಿ 120 ರೂಪಾಯಿಯನ್ನು ನಾನು ತೆರುವುದಿಲ್ಲ, ಸರ್ಕಾರ ತೆರುತ್ತದೆ, ಅಂದರೆ ಸುತ್ತಿ ಬಳಸಿ ನಾವೆಲ್ಲರೂ ತೆರುತ್ತೇವೆ. ಈ ಅಂಕಿಯನ್ನು ಬರೆಯತೊಡಗಿದ ಮೇಲೆ ‘ಆಟೋ’ ಗುಂಡಿಯನ್ನು ಮುಟ್ಟಲು ನಮ್ಮ ಮನೆಯಲ್ಲಿ ಯಾರಿಗೂ ಮನಸ್ಸಾಗಲಿಲ್ಲ.

ಹನಿ ನೀರಾವರಿಯನ್ನು ಮಾಡಿಕೊಂಡರಾಯಿತಲ್ಲವೇ ಎಂದು ಕೇಳಬಹುದು. ಮಾಡಿಕೊಳ್ಳತಕ್ಕದ್ದೇ, ಕಾಲುವೆಯಲ್ಲಿ ಹಾಯಿಸುವುದಕ್ಕೆ ಹೋಲಿಸಿದರೆ ಅದರಿಂದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ನೀರುಳಿಯುವುದುಂಟು, ಸರ್ಕಾರದ ಸಹಾಯಧನವೂ ಉಂಟು. ಆದರೆ 1865ರಷ್ಟು ಹಿಂದೆಯೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸನು ಕಲ್ಲಿದ್ದಲನ್ನು ಕುರಿತು ಬರೆಯುತ್ತ, ಯಂತ್ರಗಳು ಮಿತವಾಗಿ ಉರಿಸಲು ಕಲಿತಷ್ಟೂ ದೇಶದ ಒಟ್ಟು ಬಳಕೆ ತಗ್ಗದೆ ಏರುತ್ತದೆಂದು ತೋರಿಸಿದ್ದನು. ಹನಿಯ ಪೈಪಿನಿಂದ ಉಳಿದ ನೀರಿಗೆಂದು ಇನ್ನೊಂದು ಎಕರೆಗೆ ಅಡಿಕೆಯ ಸಸಿ ಇಡುವ ನಮ್ಮ ತೋಟಗಾರರನ್ನು ನೋಡಿದಾಗ ಆತನ ಮಾತು ಅಮರಾಪುರಕ್ಕೂ ಸಲ್ಲುವುದೆಂದು ಅನಿಸುತ್ತದೆ. ಉಳಿಸಿದುದನ್ನು ಎಲ್ಲಿ ಇಡುತ್ತೇವೆಂಬುದು ಉಳಿಸುವುದರಷ್ಟೇ ಮುಖ್ಯ.

ಹಣದ ವಿಷಯದಲ್ಲಿಯೂ ಇದೇ ನ್ಯಾಯ. ಬಲ್ಬಿನಿಂದಲೂ ಫ್ಯಾನಿನಿಂದಲೂ ಪೆಟ್ರೋಲಿನಿಂದಲೂ ಉಳಿದ ಹಣವು ಜೇಬಿನಲ್ಲಿಯೇ ಉಳಿದರೆ, ಅದು ಮತ್ತೊಂದು ವಿದ್ಯುತ್ ಯಂತ್ರವಾಗಿ ಮನೆಗೆ ಬರುವುದಕ್ಕೆ ತಡವಾಗದು. ಅಂಚೆ ಕಚೇರಿಯ ಆರ್‌ಡಿಯನ್ನು ತಿಂಗಳಿಗೆ 100 ರೂಪಾಯಿಯಿಂದ ತೆರೆಯಬಹುದು, ಅವಧಿ 5 ವರ್ಷ. ಉಳಿತಾಯದ ಮೊತ್ತವನ್ನು ನಾನು ಅದಕ್ಕೆ ಕಟ್ಟುತ್ತ ಬಂದಿದ್ದೇನೆ. ಅವಧಿ ತೀರಿದಾಗ ಬರುವ ಹಣ ತಾರಸಿಯ ಮಳೆನೀರಿನ ತೊಟ್ಟಿಗೆಂದು ಮೊದಲೇ ಗೊತ್ತುಮಾಡಿದೆ.

ಓದುಗರು ಎಲ್ಲವನ್ನೂ ಒಮ್ಮೆಗೇ ಹಿಡಿಯಬೇಕಾಗಿಲ್ಲ. ಬರುವ ತಿಂಗಳಿನಿಂದ ಪುಸ್ತಕದಲ್ಲಿ ಎರಡೇ ಸಾಲು ಹೊಸದಾಗಿ ಬರೆಯಲಿ: ಮನೆಯ ಮೀಟರಿನ ಯೂನಿಟ್ ಎಷ್ಟು, ತೋಟದ ಮೋಟರು ಓಡಿದ ಗಂಟೆ ಎಷ್ಟು. ತೋಟವಿಲ್ಲದವರು ಟ್ಯಾಂಕರನ್ನಾಗಲಿ ನಲ್ಲಿ ಬಿಡುವ ದಿನ ತುಂಬಿಸಿದ ಡ್ರಮ್ಮನ್ನಾಗಲಿ ಎಣಿಸಲಿ. ಮೋಟರಿನ ಗಂಟೆಯನ್ನು ಯೂನಿಟ್ಟಿಗೆ ತಿರುಗಿಸಿ, ಮನೆಗೂ ತೋಟಕ್ಕೂ ಒಂದೇ ದರದಲ್ಲಿ ರೂಪಾಯಿ ಹಾಕಿ, ತಿಂಗಳ ಕೊನೆಗೆ ಮೊತ್ತವನ್ನು ಮನೆಮಂದಿಯ ಮುಂದೆ ಓದಿ ಹೇಳಲಿ. ಐದು ರೂಪಾಯಿಯ ಯೂನಿಟ್ಟಿಗಾಗಿ ದೀಪವನ್ನು ಆರಿಸಬಲ್ಲ ಜನ, ಅದೇ ಯೂನಿಟ್ಟು ಉಚಿತವಾದಲ್ಲಿಯೂ ಗುಂಡಿಯನ್ನು ಆರಿಸುವಂತಾದರೆ, ಬರಗಾಲದ ಸೀಮೆಯಲ್ಲಿ ಪರಿಸರಕ್ಕೆ ಒಬ್ಬ ಸಂಸಾರಿ ಸಲ್ಲಿಸಬಹುದಾದ ಸೇವೆಯಲ್ಲಿ ಬಹುಪಾಲು ಸಂದಂತೆಯೇ.