ಮಕ್ಕಳ ಮೆದುಳಿನ ಗಡ್ಡೆ: ಎಂಆರ್‌ಐ ಕಲಿಸಿದ ಆರು ಪಾಠ

ಮಕ್ಕಳ ತಲೆಯ ಸ್ಕ್ಯಾನ್ ಓದುವುದು ನನ್ನ ಕಸುಬು. ‘ಇದು ಕ್ಯಾನ್ಸರ್ರಾ ಡಾಕ್ಟ್ರೇ?’ ಎಂದು ಹೆತ್ತವರು ಕೇಳಿದಾಗ ಫಿಲ್ಮ್ ನೋಡಿದ ಮಾತ್ರಕ್ಕೆ ಹೌದು, ಅಲ್ಲ ಅನ್ನಲಾಗುವುದಿಲ್ಲ. ಯಾಕೆಂದರೆ:

1. ಸಿಟಿ ನಾರ್ಮಲ್ ಬಂತೆಂದು ನಿಶ್ಚಿಂತರಾಗಬೇಡಿ. ಮಕ್ಕಳ ಗಡ್ಡೆಗಳಲ್ಲಿ ಬಹಳಷ್ಟು ಹಿಂದಲೆಯಲ್ಲೇ, ಕಿರುಮೆದುಳಿನ ಸುತ್ತ ಬೆಳೆಯುತ್ತವೆ. ಅಲ್ಲಿಯ ದಪ್ಪ ಮೂಳೆ ಸಿಟಿಯಲ್ಲಿ ಗೆರೆಗೆರೆ ನೆರಳು ಬೀಳಿಸುತ್ತದೆ. ಸಣ್ಣ ಗಡ್ಡೆ ಅದರಡಿ ಮರೆಯಾಗಬಹುದು. ಬೆಳಗ್ಗೆ ಎದ್ದೊಡನೆ ವಾಂತಿ, ನಡೆಯುವಾಗ ತೂರಾಟ ಮುಂದುವರಿದರೆ ಎಂಆರ್‌ಐ ಬೇಕೇ ಬೇಕು.

2. ಹೊಳೆಯುವುದೆಲ್ಲ ಮಾರಕವಲ್ಲ. ಕಾಂಟ್ರಾಸ್ಟ್ ಔಷಧ ಕೊಟ್ಟಾಗ ಪೈಲೊಸೈಟಿಕ್ ಆಸ್ಟ್ರೊಸೈಟೋಮ ಎಂಬ ಗಡ್ಡೆ ಝಗ್ಗೆನ್ನುತ್ತದೆ. ಆದರೆ ಅದು ಗ್ರೇಡ್ 1, ಪೂರ್ತಿ ತೆಗೆದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಮೆದುಳಿನ ಕಾಂಡದಲ್ಲಿ ಹಬ್ಬುವ ಗ್ಲಯೋಮ ಎಷ್ಟೋ ಸಲ ಹೊಳೆಯುವುದೇ ಇಲ್ಲ; ಬದುಕುಳಿಯುವವರು ತೀರಾ ವಿರಳ.

3. ಒಂದೇ ರೂಪ, ಬೇರೆ ಬೇರೆ ಕಾಯಿಲೆ. ಮೆಡುಲೊಬ್ಲಾಸ್ಟೋಮ ಎಂಬ ಗಡ್ಡೆಯಲ್ಲಿ ಜೀವಕೋಶಗಳು ಚೀಲದಲ್ಲಿ ತುಂಬಿದ ರಾಗಿಯಂತೆ ಒತ್ತಾಗಿರುತ್ತವೆ. ನಡುವೆ ನೀರಿನ ಅಣುಗಳಿಗೆ ಓಡಾಡಲು ಜಾಗವಿಲ್ಲ. ನೀರಿನ ಈ ಓಡಾಟವನ್ನು ತೋರಿಸುವ ಎಡಿಸಿ ಎಂಬ ಎಂಆರ್‌ಐ ಚಿತ್ರದಲ್ಲಿ ಅದು ಕಪ್ಪಗೆ ಕಾಣುತ್ತದೆ. ಹಸುಳೆಗಳಲ್ಲಿ ಬರುವ ಎಟಿಆರ್‌ಟಿ ಎಂಬ ಗಡ್ಡೆಯೂ ಹಾಗೇ ಕಪ್ಪು. ಇವೆರಡನ್ನು ಬೇರ್ಪಡಿಸುವುದು ಗಡ್ಡೆಯ ತುಣುಕಿನ ಮೇಲೆ ಮಾಡುವ ಐಎನ್‌ಐ-1 ಪರೀಕ್ಷೆ. ಮೆಡುಲೊಬ್ಲಾಸ್ಟೋಮದಲ್ಲೇ ವಂಶವಾಹಿಯ ನಾಲ್ಕು ಗುಂಪುಗಳಿವೆ. ಯಾವ ಗುಂಪೆಂಬುದರ ಮೇಲೆ ಮಗುವಿನ ಭವಿಷ್ಯ ಬಹುಮಟ್ಟಿಗೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣ ಇಂಥ ಅಣುಮಟ್ಟದ ಪರೀಕ್ಷೆಗಳಿಗೆ ಒತ್ತು ಕೊಟ್ಟಿರುವುದು ಇದಕ್ಕೇ.

4. ನಮ್ಮ ನಾಡಿನಲ್ಲಿ ಟಿಬಿ ಮರೆಯಬಾರದು. ಮೆದುಳಿನ ಕ್ಷಯದ ಗಂಟು ಗಡ್ಡೆಯ ವೇಷದಲ್ಲೇ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಕೆಮ್ಮಿದೆಯೇ ಎಂದು ಕೇಳಿ, ಎದೆಯ ಎಕ್ಸ್‌ರೇ ನೋಡಿ.

5. ಕತ್ತರಿಗೆ ಮೊದಲು ರಕ್ತ. ಪೀನಿಯಲ್ ಗ್ರಂಥಿಯ ಬಳಿ ಗಡ್ಡೆಯಿದ್ದರೆ ರಕ್ತದಲ್ಲೂ ಬೆನ್ನುಹುರಿಯ ನೀರಿನಲ್ಲೂ ಎಎಫ್‌ಪಿ, ಬೀಟಾ ಎಚ್‌ಸಿಜಿ ಎಂಬ ಗಡ್ಡೆಯ ಸೂಚಕಗಳನ್ನು ನೋಡಬೇಕು. ಅವು ತುಂಬಾ ಏರಿದ್ದರೆ ಬಯಾಪ್ಸಿ ಇಲ್ಲದೆಯೂ ಚಿಕಿತ್ಸೆ ಶುರುಮಾಡಬಹುದು.

6. ಚಿಕಿತ್ಸೆಯ ಬಳಿಕ ದೊಡ್ಡದಾದದ್ದೆಲ್ಲ ಮರುಕಳಿಕೆಯಲ್ಲ. ರೇಡಿಯೇಶನ್ ಆದ ಕೆಲ ತಿಂಗಳು ಗಡ್ಡೆ ಊದಿಕೊಂಡು ತಾನಾಗಿ ಇಳಿಯುವುದುಂಟು. ಮಗು ಚೆನ್ನಾಗಿ ಆಡಿಕೊಂಡಿದ್ದರೆ ಅವಸರಪಡದೆ ಮತ್ತೊಮ್ಮೆ ಸ್ಕ್ಯಾನ್ ಮಾಡಿಸುವುದೇ ಎಷ್ಟೋ ಸಲ ಸರಿಯಾದ ದಾರಿ.

ಹೆತ್ತವರಲ್ಲಿ ಒಂದು ವಿನಂತಿ: ರಿಪೋರ್ಟ್ ಒಂದನ್ನೇ ತರಬೇಡಿ. ಹಳೆಯ ಸ್ಕ್ಯಾನ್‌ಗಳ ಸಿಡಿ, ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕಾಪಿಟ್ಟ ಗಡ್ಡೆಯ ತುಣುಕು) ಎರಡನ್ನೂ ಜೋಪಾನವಾಗಿ ಇಟ್ಟುಕೊಂಡು ಪ್ರತಿ ಭೇಟಿಗೂ ತನ್ನಿ.