ಅಚ್ಚು ಯಾರ ಕೈಯಲ್ಲಿದೆ?

ಆರು ಇಂಚು ಎತ್ತರದ ಪ್ಲಾಸ್ಟಿಕ್ ವೀರ. ಕುತ್ತಿಗೆ, ಮೊಣಕೈ, ಮೊಣಕಾಲು ಎಲ್ಲ ತಿರುಗುತ್ತವೆ. ಬೆಲೆ ಮೂರು ಸಾವಿರ ರೂಪಾಯಿ. ಜಕ್ಕಲಿಯ ನಮ್ಮ ಮನೆಗೆ ಬಂದು ಗೊಂಬೆಗಳ ಕಪಾಟಿನ ಮುಂದೆ ನಿಂತವರು ತಪ್ಪದೆ ಕೇಳುತ್ತಾರೆ: ‘ಇಷ್ಟ ಪ್ಲಾಸ್ಟಿಕ್ಕಿಗೆ ಅಷ್ಟ ರೊಕ್ಕ ಯಾಕ?’ ಅದು ಸರಿಯಾದ ಪ್ರಶ್ನೆ. ಆಕ್ಷನ್ ಫಿಗರ್ ಕೂಡಿಡುವ ಹುಚ್ಚಿರುವ ಪ್ರತಿಯೊಬ್ಬರೂ ಕೊಳ್ಳುವ ಮೊದಲು ತಮಗೆ ತಾವೇ ಕೇಳಿಕೊಳ್ಳಬೇಕಾದ್ದು.

ಉತ್ತರ ಪ್ಲಾಸ್ಟಿಕ್ಕಿನಲ್ಲಿಲ್ಲ, ಅಚ್ಚಿನಲ್ಲಿದೆ. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರೆ ಆರತಿ ಎರೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮರದ ಅಚ್ಚಿನ ಹೋಳುಗಳನ್ನು ನೀರಿನಲ್ಲಿ ನೆನೆಸಿ, ಜೋಡಿಸಿ ಬಿಗಿದು, ಕುದಿಯುವ ಪಾಕ ಹೊಯ್ಯುತ್ತಾರೆ. ಆರಿದ ಮೇಲೆ ಬಿಚ್ಚಿದರೆ ನವಿಲು, ಆನೆ, ತೇರು. ಸಕ್ಕರೆಗೆ ಆಗುವ ಖರ್ಚು ಅಲ್ಪ. ಅಚ್ಚು ಕೆತ್ತಿಸುವುದಕ್ಕೆ ಆಗುವುದು ದೊಡ್ಡದು, ಆದರೆ ಒಮ್ಮೆ ಕೆತ್ತಿಸಿದರೆ ವರ್ಷಾನುಗಟ್ಟಲೆ ದುಡಿಯುತ್ತದೆ.

ಕಾರ್ಖಾನೆಯಲ್ಲಿ ಮರದ ಬದಲು ಉಕ್ಕು, ಪಾಕದ ಬದಲು ಒತ್ತಡದಲ್ಲಿ ನುಗ್ಗುವ ಕರಗಿದ ಪ್ಲಾಸ್ಟಿಕ್. ಮೊದಲು ಶಿಲ್ಪಿ ಮಾದರಿ ಮಾಡುತ್ತಾನೆ. ಹಿಂದೆ ಜೇಡಿಯಲ್ಲೋ ಮೇಣದಲ್ಲೋ, ಎಷ್ಟೋ ಸಲ ಇಮ್ಮಡಿ ಗಾತ್ರದಲ್ಲಿ ಮಾಡಿ ಆಮೇಲೆ ಕುಗ್ಗಿಸುತ್ತಿದ್ದರು. ಈಗ ಹೆಚ್ಚಿನದು ಕಂಪ್ಯೂಟರಿನಲ್ಲೇ ಆಗುತ್ತದೆ, 3ಡಿ ಪ್ರಿಂಟರ್ ಮಾದರಿಯನ್ನು ಕೈಗಿಡುತ್ತದೆ. ನಿಜವಾದ ಜಾಣ್ಮೆ ಬೇಕಾಗುವುದು ಆಮೇಲೆ. ಆ ದೇಹವನ್ನು ತುಂಡು ತುಂಡಾಗಿ ಬಿಡಿಸಬೇಕು. ಒಂದೊಂದು ತುಂಡೂ ಎಲ್ಲಿಯೂ ಸಿಕ್ಕಿಕೊಳ್ಳದೆ ಅಚ್ಚಿನಿಂದ ಈಚೆ ಬರಬೇಕು. ಸವೆತ ತಡೆಯಬೇಕಾದ ಕೀಲುಗಳಿಗೆ ಎಬಿಎಸ್‌ನಂಥ ಗಟ್ಟಿ ಪ್ಲಾಸ್ಟಿಕ್, ಮೈಗೆ ಹೆಚ್ಚಾಗಿ ಮೆತ್ತನೆಯ ಪಿವಿಸಿ. ಬಣ್ಣ ಬಳಿಯಲು ಮರೆಹಲಗೆ ಇಟ್ಟು ಸ್ಪ್ರೇ, ಕಣ್ಣು ಹುಬ್ಬಿಗೆ ಮೆತ್ತೆಯಿಂದ ಒತ್ತುವ ಟ್ಯಾಂಪೊ ಮುದ್ರಣ. ಜೋಡಣೆ ಬಹುಪಾಲು ಕೈಯಲ್ಲೇ. ಒಂದು ಕೀಲು ಹೆಚ್ಚಾದರೆ ಬಿಡಿಭಾಗ ಹೆಚ್ಚು, ಒಂದು ಬಣ್ಣ ಹೆಚ್ಚಾದರೆ ಇನ್ನೊಂದು ಕೆಲಸ.

ಲೆಕ್ಕ ತಿಳಿಯಲೆಂದು ಅಚ್ಚುಗಳಿಗೆ 20 ಲಕ್ಷ ರೂಪಾಯಿ ಬಿತ್ತು ಎಂದಿಟ್ಟುಕೊಳ್ಳಿ. ಎರಡು ಲಕ್ಷ ಗೊಂಬೆ ತೆಗೆದರೆ ಗೊಂಬೆಯೊಂದರ ಮೇಲೆ ಬೀಳುವ ಅಚ್ಚಿನ ಪಾಲು 10 ರೂಪಾಯಿ. ಎರಡೇ ಸಾವಿರ ತೆಗೆದರೆ 1,000 ರೂಪಾಯಿ. ಅದರ ಮೇಲೆ ಸಿನಿಮಾ ಕಂಪನಿಗೆ ಕೊಡುವ ಹಕ್ಕಿನ ಹಣ, ಸಾಗಣೆ, ಅಂಗಡಿಯವನ ಲಾಭ. ಹೊರಗಿನಿಂದ ತರಿಸಿ ಮಾರುವ ಮಾಲಿಗೆ ಸುಂಕವೂ ಉಂಟು: ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ 20%ರಿಂದ 60%ಕ್ಕೆ, 2023ರಲ್ಲಿ 70%ಕ್ಕೆ ಏರಿತು. ಮೂರು ಸಾವಿರದ ಉತ್ತರ ಇದು. ಅಮೆರಿಕದ ಹ್ಯಾಸ್‌ಬ್ರೊ ಕಂಪನಿ 2018ರಲ್ಲಿ ‘ಸ್ಟಾರ್ ವಾರ್ಸ್’ನ ಜಬ್ಬಾನ ದೊಡ್ಡ ನೌಕೆಯನ್ನು ಮಾಡಲು ಹೊರಟಾಗ, ಸುಮಾರು 500 ಡಾಲರ್ ಕೊಡಲು ಕನಿಷ್ಠ 5,000 ಜನ ಮುಂಚಿತವಾಗಿ ಒಪ್ಪಿದರೆ ಮಾತ್ರ ಮಾಡುವುದಾಗಿ ಹೇಳಿತ್ತು. ಅಚ್ಚಿನ ಖರ್ಚನ್ನು ಹೊರುವಷ್ಟು ಹೆಗಲು ಮೊದಲೇ ಬೇಕಿತ್ತು.

ನನ್ನ ಅಣ್ಣನ ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವನಿಗೂ ಇದರ ರುಚಿ ಹತ್ತಿತು. ಒಂದು ಗೊಂಬೆಯ ಎರಡೆರಡು ಡಬ್ಬಿ ತಂದ. ‘ಕಾಕಾ, ಒಂದು ಇಟ್ಕೊಳ್ಳಾಕ, ಇನ್ನೊಂದು ಒಡಿಯೂದಿಲ್ಲ. ಹತ್ತ ವರ್ಷ ಬಿಟ್ರ ಹತ್ತ ಪಟ್ಟ ಆಗತೈತಿ’ ಎಂದ.

‘ತಮ್ಮಾ, ಅದರ ಅಚ್ಚು ಯಾರ ಕೈಯಾಗ ಐತಿ?’ ಎಂದು ಕೇಳಿದೆ.

ಹಣದ ವಿಷಯದಲ್ಲಿ ನಾನು ಈ ಹವ್ಯಾಸದಿಂದ ಕಲಿತಿದ್ದೆಲ್ಲ ಆ ಪ್ರಶ್ನೆಯೊಳಗಿದೆ. ಅಚ್ಚು ಕಂಪನಿಯ ಕೈಯಲ್ಲಿರುವ ತನಕ ‘ಸಿಗದ ವಸ್ತು’ ಎಂಬುದು ಕಂಪನಿಯ ಮರ್ಜಿ. ಅಚ್ಚು ಹಾಳಾಗಿದ್ದರೂ ಹೊಸದನ್ನು ಮಾಡಿಸುವ ಹಕ್ಕು ಅವರದೇ. 1978ರಲ್ಲಿ ಕೆನ್ನರ್ ಕಂಪನಿ ಮಾರುಕಟ್ಟೆಗೆ ತಂದ ಮೂರೂಮುಕ್ಕಾಲು ಇಂಚಿನ ಸ್ಟಾರ್ ವಾರ್ಸ್ ಗೊಂಬೆಗಳ ರೂಪದಲ್ಲೇ 2019ರಲ್ಲಿ ಹ್ಯಾಸ್‌ಬ್ರೊ ಮತ್ತೆ ಗೊಂಬೆ ತಂದಿತು. 1982ರ ಹೀ-ಮ್ಯಾನ್ ಹಳೆಯ ಚಹರೆಯಲ್ಲೇ, ಹೆಚ್ಚು ಕೀಲುಗಳೊಂದಿಗೆ 2020ರಲ್ಲಿ ಮರಳಿದ. ಇದರಿಂದ ಮೂಲ ಗೊಂಬೆಯ ಬೆಲೆ ಕುಸಿಯಲೇಬೇಕೆಂದಿಲ್ಲ. ಆದರೆ ನೆನಪಿಗಾಗಿ ಕೊಳ್ಳುವವರಲ್ಲಿ ಎಷ್ಟೋ ಜನ ಹೊಸತರಲ್ಲೇ ತೃಪ್ತರಾಗುತ್ತಾರೆ. ಸಾವಿರಾರು ಜನ ಒಡೆಯದೆ ಜೋಪಾನ ಮಾಡಿದ ಡಬ್ಬಿ ಹತ್ತು ವರ್ಷ ಬಿಟ್ಟೂ ಸಾವಿರಾರು ಡಬ್ಬಿಗಳಲ್ಲಿ ಒಂದಾಗಿಯೇ ಉಳಿಯುತ್ತದೆ.

ದೊಡ್ಡ ಬೆಲೆ ಬಂದದ್ದು ಯಾವುದಕ್ಕೆ ನೋಡಿ. ಬೆನ್ನಿನಿಂದ ರಾಕೆಟ್ ಹಾರಿಸುವ, ‘ಸ್ಟಾರ್ ವಾರ್ಸ್’ನ ಬೋಬಾ ಫೆಟ್ ಗೊಂಬೆಯ ಮಾದರಿಯೊಂದು 2024ರ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. 1979ರಲ್ಲಿ ಅದನ್ನು ಅಂಗಡಿಗೆ ಬಿಡಲೇ ಇಲ್ಲ. ಆ ಚಿಕ್ಕ ರಾಕೆಟ್ ಮಗುವಿನ ಗಂಟಲಿಗೆ ಸಿಕ್ಕೀತೆಂಬ ಭಯ. ಪರೀಕ್ಷೆಗೆಂದು ಮಾಡಿದ ಕೆಲವೇ ಉಳಿದವು. ಅಂಗಡಿಯಲ್ಲಿ ಕೊಂಡು ಕೂಡಿಟ್ಟವರಿಗೆ ಸಿಗುವಂಥದ್ದಾಗಿರಲಿಲ್ಲ ಅದು.

ನಮ್ಮ ದೇಶದ್ದೇ ಉದಾಹರಣೆ ಬೇಕೆಂದರೆ ಫನ್‌ಸ್ಕೂಲ್. ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೊ ಸೇರಿ 1987ರಲ್ಲಿ ಕಟ್ಟಿದ ಕಂಪನಿ, ಮೊದಲ ಕಾರ್ಖಾನೆ ಗೋವಾದಲ್ಲಿ. ಅಮೆರಿಕದಲ್ಲಿ ಬಳಸಿ ಮುಗಿಸಿದ, ಜಿ.ಐ. ಜೋ ಎಂಬ ಸೈನಿಕ ಗೊಂಬೆಗಳ ಅಚ್ಚುಗಳು ಇಲ್ಲಿಗೆ ಬಂದವು, ಬಣ್ಣ ಮಾತ್ರ ಇಲ್ಲಿಯದಾಯಿತು. ಆ ವಿಚಿತ್ರ ಬಣ್ಣಗಳಿಗಾಗಿ ಇವತ್ತು ಹೊರದೇಶದ ಸಂಗ್ರಾಹಕರು ಆ ಗೊಂಬೆಗಳನ್ನು ಹುಡುಕುತ್ತಾರೆ. ನನ್ನ ಬಳಿಯೂ ಕೆಲವಿವೆ. ಸೊಂಟವನ್ನು ಹಿಡಿದಿಡುವ ಒಳಗಿನ ರಬ್ಬರ್ ಉಂಗುರ ಹರಿದಾಗೆಲ್ಲ ಬೆನ್ನಿನ ಸ್ಕ್ರೂ ಬಿಚ್ಚಿ ಬೇರೆ ಹಾಕುತ್ತೇನೆ. ಆ ಕೆಲಸ ನನಗೆ ಕೊಡುವ ಸುಖಕ್ಕೆ ದರ ಕಟ್ಟಲಾರೆ. ಅವು ಅಪರೂಪವಾಗಿದ್ದು ಯಾರೂ ಕೂಡಿಡಬೇಕೆಂದು ಕೊಳ್ಳದ್ದರಿಂದ. ಮಕ್ಕಳು ಆಡಿ ಮುರಿದರು, ಡಬ್ಬಿ ಕಸಕ್ಕೆ ಹೋಯಿತು.

ಇನ್ನು ಕಾಪಿಡುವ ಮಾತು. ಬ್ಯಾಂಕಿನಲ್ಲಿಟ್ಟ ಹಣ ಬಿಸಿಲಿಗೆ ಬಾಡುವುದಿಲ್ಲ, ಪಿವಿಸಿ ಬಾಡುತ್ತದೆ. ನಮ್ಮ ರೋಣದ ಕಡೆಯ ಏಪ್ರಿಲ್-ಮೇ ಸೆಕೆಯಲ್ಲಿ, ಗಾಳಿಯಾಡದ ಡಬ್ಬಿಯೊಳಗೆ, ಮೆತ್ತಗಿರಲೆಂದು ಪ್ಲಾಸ್ಟಿಕ್ಕಿಗೆ ಸೇರಿಸಿದ ಎಣ್ಣೆಯಂಥ ಪದಾರ್ಥ ಮೇಲಕ್ಕೆ ಒಸರಿ ಗೊಂಬೆ ಅಂಟಂಟಾಗುತ್ತದೆ, ಕಾಲು ಬಾಗುತ್ತದೆ. ಅದಕ್ಕೇ ನನ್ನವನ್ನು ಡಬ್ಬಿಯಿಂದ ತೆಗೆದು, ಬಿಸಿಲು ತಾಗದ ಗೋಡೆಯ ಕಪಾಟಿನಲ್ಲಿ ನಿಲ್ಲಿಸುತ್ತೇನೆ. ಗೊಂಬೆ ಕೈಗೆತ್ತಿಕೊಂಡು ನೋಡುವುದಕ್ಕಿರುವುದು.

ಆದ್ದರಿಂದ ನಮ್ಮ ಮನೆಯಲ್ಲಿ ಗೊಂಬೆಯ ಹಣ ಜಾತ್ರೆ, ಊರು ತಿರುಗಾಟದ ಖರ್ಚಿನ ಸಾಲಿಗೆ ಸೇರಿದ್ದು, ಉಳಿತಾಯಕ್ಕಲ್ಲ. ಅಣ್ಣನ ಮಗನಿಗೂ ಇದನ್ನೇ ಹೇಳಿದೆ: ಎರಡನೆಯ ಡಬ್ಬಿಗೆ ಹಾಕುವ ಹಣವನ್ನು ಅಂಚೆ ಕಚೇರಿಯ ಆರ್‌ಡಿಗೆ ಹಾಕು. ತಿಂಗಳಿಗೆ 1,000 ರೂಪಾಯಿಯಂತೆ ಐದು ವರ್ಷ ಕಟ್ಟಿದರೆ 6.7% ಬಡ್ಡಿಯಲ್ಲಿ ಸುಮಾರು 71,000 ರೂಪಾಯಿ ಕೈಗೆ ಬರುತ್ತದೆ. ಅದಕ್ಕೆ ಗಿರಾಕಿ ಹುಡುಕಬೇಕಿಲ್ಲ.

ಒಮ್ಮೆ ಅವನನ್ನು ಕರೆದುಕೊಂಡು ನರೇಗಲ್ಲ, ಕುಕನೂರು ದಾಟಿ ಕೊಪ್ಪಳದ ಕಡೆ ಹೋಗಿದ್ದೆ. ದಾರಿಯಲ್ಲಿ ಭಾನಾಪುರ. ಏಕಸ್ ಕಂಪನಿಯ ಆಟಿಕೆ ಕ್ಲಸ್ಟರಿಗೆ 2021ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಅಡಿಗಲ್ಲು ಹಾಕಿದ್ದು ಅಲ್ಲೇ, 400 ಎಕರೆಯ ಯೋಜನೆ. ಗೊಂಬೆ ಕೊಳ್ಳುವ ನಮ್ಮ ಹುಡುಗರು ಅಚ್ಚು ಕೊರೆಯುವುದನ್ನೂ ಕಲಿಯಲಿ ಎಂಬುದು ನನ್ನ ದೊಡ್ಡ ಆಸೆ. ಈ ಉದ್ಯಮದಲ್ಲಿ ಬಾಳಿಕೆಯ ಸಂಬಳ ಇರುವುದು ಆ ಕೈಗೆ.

ಅಲ್ಲಿಂದ ಮುಂದೆ ಕಿನ್ನಾಳ. ಅಲ್ಲಿ ಮರದ ಗೊಂಬೆ ಮಾಡುವ ಚಿತ್ರಗಾರರ ಮನೆಗಳಲ್ಲಿ ಉಕ್ಕಿನ ಅಚ್ಚಿಲ್ಲ. ಹಗುರ ಮರ ಕೆತ್ತಿ, ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಮೆತ್ತಿ, ಒಡವೆಗಳನ್ನು ಉಬ್ಬಿಸಿ ಬಣ್ಣ ಹಚ್ಚುತ್ತಾರೆ. ರೆಕ್ಕೆ ಬಿಚ್ಚಿದ ಗರುಡನೊಬ್ಬನ ನಿಲುವು ಯಾವ ಆಕ್ಷನ್ ಫಿಗರಿಗೂ ಕಡಿಮೆಯಿಲ್ಲ. ಎರಡು ಗರುಡಗಳ ಮೂಗು ಒಂದೇ ಥರ ಇರುವುದಿಲ್ಲ. ಇಲ್ಲಿ ಸಂಖ್ಯೆ ಹೆಚ್ಚಿದರೂ ದರ ಇಳಿಯುವುದಿಲ್ಲ, ಯಾಕೆಂದರೆ ಪ್ರತಿ ಗೊಂಬೆಗೂ ಕೈ ಅಷ್ಟೇ ಹೊತ್ತು ದುಡಿಯಬೇಕು. ಹಾಗಾಗಿ ಅಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಬೇಕಾದ್ದನ್ನು ಹೇಳಿ, ಅರ್ಧ ಹಣ ಮುಂಗಡ ಕೊಟ್ಟು ಬರುತ್ತೇನೆ. ಮರ, ಬಣ್ಣ ತರಲು ಅವರು ಸಾಲ ಮಾಡಬೇಕಾಗುವುದಿಲ್ಲ. ಅಣ್ಣನ ಮಗ ಆವತ್ತು ಒಂದು ಗರುಡಕ್ಕೆ ಹೇಳಿ ಮುಂಗಡ ಕೊಟ್ಟ. ಉಳಿದ ಹಣವನ್ನು ದೀಪಾವಳಿಯ ಬೋನಸ್ಸಿನಲ್ಲಿ ತೆಗೆದಿಟ್ಟಿದ್ದಾನೆ.