ಲಿಂಗೈಕ್ಯರ ಸ್ಮರಣೆ

ಹುಟ್ಟಿದ ದೇಹಕ್ಕೆ ಅಳಿವು ತಪ್ಪದೆಂಬುದನ್ನು ಅರಿಯದವರು ಯಾರೂ ಇಲ್ಲ. ಹೊಲದಲ್ಲಿ ದುಡಿಯುವವನೂ ಬಲ್ಲನು, ಶಾಸ್ತ್ರವನ್ನೋದಿದವನೂ ಬಲ್ಲನು. ಆದರೂ ಮನೆಯಲ್ಲೊಬ್ಬರು ಲಿಂಗೈಕ್ಯರಾದ ದಿನ ಈ ಅರಿವು ಕಣ್ಣೀರನ್ನು ತಡೆಯಲಾರದು. ಐವತ್ತು ವರ್ಷ ಜೊತೆಯಲ್ಲಿ ಕುಳಿತು ಲಿಂಗಪೂಜೆ ಮಾಡಿದ ದಂಪತಿಗಳಲ್ಲಿ ಒಬ್ಬರು ಹೋದರೆ, ಉಳಿದವರು ತಿಂಗಳುಗಳು ಕಳೆದ ಮೇಲೆಯೂ ಬೆಳಗಿನಲ್ಲಿ ತಮಗರಿಯದಂತೆ ಎರಡು ಮಣೆಗಳನ್ನು ಹಾಕುವುದುಂಟು. ಹಾಕಿದ ಮಣೆಯನ್ನು ಮರಳಿ ಎತ್ತಿಡುವಾಗ ಆಗುವ ಸಂಕಟಕ್ಕೆ ಶರಣಧರ್ಮವು ಕೊಡುವ ಸಮಾಧಾನವೇನು? ಅಗಲಿದವರನ್ನು ನೆನೆಯುವ ಸರಿಯಾದ ಬಗೆ ಯಾವುದು? ಪ್ರತಿಯೊಬ್ಬ ಗೃಹಸ್ಥನಿಗೂ ಒಂದಲ್ಲ ಒಂದು ದಿನ ಇದಿರಾಗುವ ಪ್ರಶ್ನೆಗಳಿವು. ಆದುದರಿಂದ ಸದ್ಭಕ್ತರು ಇವನ್ನು ಸಮಾಧಾನಚಿತ್ತದಿಂದ ವಿಚಾರಿಸತಕ್ಕದ್ದು.

ಶೋಕವು ಭಕ್ತಿಗೆ ಕುಂದಲ್ಲ

ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಕೊನೆಯದು ಐಕ್ಯಸ್ಥಲ. ಅಂಗವು ಲಿಂಗದಲ್ಲಿ ಬೆರೆತು ಎರಡೆಂಬ ಭಾವವಳಿದ ನಿಲವೇ ಐಕ್ಯ. ಇದು ಬದುಕಿರುವಾಗಲೇ ಸಾಧಿಸತಕ್ಕ ನಿಲವು. ಆದರೂ ಲಿಂಗಧಾರಿಯಾದ ಯಾರೇ ದೇಹವಿಟ್ಟರೂ ಅವರು ಲಿಂಗೈಕ್ಯರಾದರೆಂದೇ ಹೇಳುವುದು ವಾಡಿಕೆ. ಈ ಮಾತಿನಲ್ಲಿ ಹಾರೈಕೆಯಿದೆ, ಗೌರವವಿದೆ, ಹೋದವರು ಎಲ್ಲಿಯೋ ಕತ್ತಲಲ್ಲಿ ಅಲೆಯುತ್ತಿಲ್ಲವೆಂಬ ಭರವಸೆಯೂ ಇದೆ.

ಶರಣರು ಮರಣಕ್ಕೆ ಅಂಜಲಿಲ್ಲ. ಅದನ್ನು ಮಹಾನವಮಿಯ ಹಬ್ಬಕ್ಕೆ ಹೋಲಿಸಿದರು. ಆದರೆ ಈ ಬೋಧೆಯನ್ನು ಬಳಸುವಲ್ಲಿ ಒಂದು ಎಚ್ಚರವಿರಬೇಕು. ಹಬ್ಬವೆಂಬ ಮಾತು ತನ್ನ ಮರಣವನ್ನು ಇದಿರುನೋಡುತ್ತಿರುವ ಶರಣನದು. ಸತಿಯನ್ನೋ ಪತಿಯನ್ನೋ ಮಗುವನ್ನೋ ಕಳೆದುಕೊಂಡು ಮೂಲೆಯಲ್ಲಿ ಕುಳಿತವರಿಗೆ ನೆರೆಯವರು ಹೇಳತಕ್ಕ ಮಾತಲ್ಲ. ತನ್ನ ಸಾವಿಗೆ ಅಂಜದಿರುವುದು ವೈರಾಗ್ಯ; ಪರರ ಅಳಲಿಗೆ ಕರಗದಿರುವುದು ಕಾಠಿಣ್ಯ. ದಯೆಯನ್ನೇ ಧರ್ಮದ ಬೇರೆಂದು ಸಾರಿದ ಬಸವಣ್ಣನವರ ಮಾರ್ಗದಲ್ಲಿ ಎರಡನೆಯದಕ್ಕೆ ಎಡೆಯಿಲ್ಲ. ‘ಲಿಂಗಧಾರಿಗಳು ಅಳಬಾರದು’ ಎಂದು ಗದರಿಸುವವರು ಶೋಕವನ್ನು ಕಳೆಯುವುದಿಲ್ಲ. ಅದನ್ನು ಮನೆಯ ಒಳಕೋಣೆಗೆ ಅಟ್ಟುತ್ತಾರೆ, ಅಷ್ಟೆ.

ನೀಲಾಂಬಿಕೆಯ ನಿದರ್ಶನ

ಈ ವಿಷಯದಲ್ಲಿ ಶರಣೆ ನೀಲಾಂಬಿಕೆಗಿಂತ ಮಿಗಿಲಾದ ಗುರುವಿಲ್ಲ. 12ನೆಯ ಶತಮಾನದಲ್ಲಿ ಹರಳಯ್ಯ ಮಧುವರಸರ ಮಕ್ಕಳ ವಿವಾಹದಿಂದ ಕಲ್ಯಾಣದಲ್ಲಿ ಕ್ಷೋಭೆಯುಂಟಾಗಿ, ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರು. ಅಲ್ಲಿಂದ ನೀಲಾಂಬಿಕೆಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿಸಿದರೆಂದೂ, ಆಕೆ ಸಂಗಮವನ್ನು ಮುಟ್ಟುವ ಮೊದಲೇ ಬಸವಣ್ಣನವರು ಲಿಂಗೈಕ್ಯರಾದರೆಂದೂ ಪರಂಪರೆ ಹೇಳುತ್ತದೆ. ನೀಲಾಂಬಿಕೆಯು ಕೃಷ್ಣೆಯ ದಡದ ತಂಗಡಗಿಯಲ್ಲಿಯೇ ನಿಂತು, ಆ ದಡದಲ್ಲಿರುವ ಸಂಗಯ್ಯನು ಈ ದಡದಲ್ಲಿಯೂ ಇರುವನೆಂದರಿತು, ಅಲ್ಲಿಯೇ ಬಯಲಾದಳು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಇಂದಿಗೂ ಆಕೆಯ ಐಕ್ಯಸ್ಥಲವೆಂದು ಪೂಜ್ಯವಾಗಿದೆ.

‘ಸಂಗಯ್ಯ’ ಎಂಬ ಅಂಕಿತದಲ್ಲಿ ಆಕೆಯ ನೂರಕ್ಕೂ ಮಿಕ್ಕ ವಚನಗಳು ದೊರೆತಿವೆ. ಅವುಗಳಲ್ಲಿ ಬಸವನ ಹೆಸರು ಮತ್ತೆ ಮತ್ತೆ ಬರುತ್ತದೆ. ಆಸರೆ ತಪ್ಪಿದವಳ ತಳಮಳವೂ ಅಲ್ಲಿದೆ. ಹೊರಗೆ ಕಾಣುತ್ತಿದ್ದ ರೂಪವು ಮರೆಯಾದ ಮೇಲೆ ಅದೇ ಬಸವತತ್ತ್ವವನ್ನು ತನ್ನ ಅಂತರಂಗದಲ್ಲಿ ಕಂಡುಕೊಂಡ ನೆಲೆಯೂ ಅಲ್ಲಿದೆ. ವಿಚಾರಿಸಿ ನೋಡಿದರೆ ಆಕೆಯ ನಡೆ ಎರಡು ಹೆಜ್ಜೆಗಳದು. ಮೊದಲನೆಯದು, ಅಗಲಿದವರ ಹೆಸರನ್ನು ಅಂಜದೆ, ಅಡಗಿಸದೆ ನುಡಿದುದು. ಎರಡನೆಯದು, ಆ ಹೆಸರು ತನ್ನೊಳಗೆ ಇಳಿದು ತನ್ನ ನಡೆಯಾಗುವಂತೆ ಬಿಟ್ಟುದು. ಮೊದಲ ಹೆಜ್ಜೆಯನ್ನಿಡದವರಿಗೆ ಎರಡನೆಯದು ಸಾಧ್ಯವಾಗದು. ಮೊದಲನೆಯದರಲ್ಲಿಯೇ ನಿಂತವರಿಗೆ ಬಿಡುಗಡೆಯಿಲ್ಲ.

ಸಂಸ್ಕಾರವು ಕಲಿಸುವ ಪಾಠ

ಲಿಂಗೈಕ್ಯರಾದವರ ದೇಹಕ್ಕೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಸಮಾಧಿಯಲ್ಲಿ ಪದ್ಮಾಸನದಲ್ಲಿ ಕುಳ್ಳಿರಿಸಿ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗವನ್ನಿರಿಸಿ, ವಿಭೂತಿ ಬಿಲ್ವಪತ್ರೆಗಳನ್ನು ಅರ್ಪಿಸಿ ಮಣ್ಣು ಮುಚ್ಚುವುದು ರೂಢಿ. ಬದುಕಿದ್ದಾಗ ಪ್ರತಿದಿನವೂ ಹೇಗೆ ಪೂಜೆಗೆ ಕುಳಿತಿದ್ದರೋ ಹಾಗೆಯೇ ಅವರನ್ನು ಕಳುಹಿಸಿಕೊಡಲಾಗುತ್ತದೆ. ಕೊರಳಲ್ಲಿದ್ದ ಲಿಂಗವು ಕೈಯನ್ನು ಬಿಡುವುದಿಲ್ಲ. ಹೋದವರು ಒಂಟಿಯಾಗಿ ಹೋದರೆಂದು ಮರುಗುವ ತಾಯಿ, ಮಕ್ಕಳು ಈ ಒಂದು ಅಂಶವನ್ನು ಮನನ ಮಾಡಿದರೆ ಸಾಕು, ಅವರ ಎದೆಯ ಭಾರ ಎಷ್ಟೋ ಇಳಿಯುವುದು.

ಇನ್ನು ಸೂತಕದ ವಿಚಾರ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳು ಲಿಂಗಧಾರಿಗಳಿಗಿಲ್ಲ. ಆದಕಾರಣ ಮನೆಯಲ್ಲಿ ಮರಣವಾದ ದಿನವೂ ಇಷ್ಟಲಿಂಗಪೂಜೆ ನಿಲ್ಲಬೇಕಾಗಿಲ್ಲ. ಇದು ಆಚಾರದ ನಿಯಮವೂ ಹೌದು, ದುಃಖಿತರಿಗೆ ದೊರೆತ ದೊಡ್ಡ ಆಸರೆಯೂ ಹೌದು. ಮನಸ್ಸು ಕೆಲಸ ಮಾಡದಿರುವಾಗ ಕೈಗೆ ಒಂದು ಕೆಲಸವಿರಬೇಕು; ದೃಷ್ಟಿ ನಿಲ್ಲದಿರುವಾಗ ಅದಕ್ಕೊಂದು ನೆಲೆ ಬೇಕು. ಅಂಗೈಯ ಲಿಂಗವು ಎರಡನ್ನೂ ಒದಗಿಸುತ್ತದೆ.

ಹೀಗಿದ್ದೂ ಧನಿಷ್ಠಾಪಂಚಕದಲ್ಲಿ ಪ್ರಾಣ ಹೋಯಿತೆಂದು ಹೆದರಿ, ಬಾಳಿದ ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಬೇರೆಡೆ ಇರುವ ಕುಟುಂಬಗಳಿವೆ. ತಿಥಿ ನಕ್ಷತ್ರಗಳ ಭಯವನ್ನು ವಚನಕಾರರು ಒಪ್ಪಿದವರಲ್ಲ. ತಂದೆಯು ಜೀವಮಾನವೆಲ್ಲ ದುಡಿದು ಕಟ್ಟಿದ ಮನೆಗೆ ಆ ತಂದೆಯಿಂದಲೇ ಕೇಡು ಬರುವುದೆಂದು ನಂಬುವುದು ಲಿಂಗೈಕ್ಯರಿಗೆ ಮಾಡುವ ಅಪಚಾರವಲ್ಲದೆ ಮತ್ತೇನು?

ಇದಕ್ಕಿಂತಲೂ ಕ್ರೂರವಾದ ರೂಢಿಯು ಪತಿಯನ್ನು ಕಳೆದುಕೊಂಡ ಸ್ತ್ರೀಯರ ವಿಷಯದ್ದು. ಅವಳ ಕೈಬಳೆಯನ್ನು ಒಡೆದು, ಹಣೆಯನ್ನು ಬರಿದುಮಾಡಿ, ಮಂಗಲಕಾರ್ಯಗಳಲ್ಲಿ ಅವಳನ್ನು ಹಿಂದೆ ನಿಲ್ಲಿಸುವರು. ಶರಣನೇ ಸತಿ, ಲಿಂಗವೇ ಪತಿ ಎಂಬುದು ಸಿದ್ಧಾಂತವಾಗಿರುವಲ್ಲಿ, ಕೊರಳಲ್ಲಿ ಲಿಂಗವಿರುವವಳು ಅಮಂಗಲೆಯಾಗುವುದು ಹೇಗೆ? ಅವಳ ಲಿಂಗ, ವಿಭೂತಿ, ರುದ್ರಾಕ್ಷಿಗಳನ್ನು ಯಾರೂ ಕಸಿದುಕೊಳ್ಳಲಾರರು. ಅವು ಇರುವವರೆಗೆ ಅವಳ ಮಂಗಲವೂ ಇದೆ. ಮಗನ ಮದುವೆಯಲ್ಲಿ ಅಕ್ಷತೆ ಹಾಕಲು ತಾಯಿಗೆ ಅಡ್ಡಿ ಮಾಡುವ ಮನೆಯಲ್ಲಿ ತಂದೆಯ ಸ್ಮರಣೆಯನ್ನು ಎಷ್ಟು ವೈಭವದಿಂದ ಮಾಡಿದರೂ ಅದು ಸ್ಮರಣೆಯೆನಿಸದು.

ಸ್ಥಾವರ ಸ್ಮರಣೆ, ಜಂಗಮ ಸ್ಮರಣೆ

ಸ್ಮರಣೆಯಲ್ಲಿ ಎರಡು ಬಗೆ. ಕಲ್ಲು, ಗದ್ದುಗೆ, ಭಾವಚಿತ್ರಗಳಲ್ಲಿ ನಿಲ್ಲುವುದು ಸ್ಥಾವರ. ಉಳಿದವರ ನಡೆನುಡಿಗಳಲ್ಲಿ ಚಲಿಸುವುದು ಜಂಗಮ. ಮೊದಲನೆಯದು ಕೂಡದೆಂದಲ್ಲ. ಮನಸ್ಸಿಗೆ ಒಂದು ಕುರುಹು ಬೇಕು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಕೂಡಲಸಂಗಮವನ್ನು ಆವರಿಸಿದಾಗ ಬಸವಣ್ಣನವರ ಐಕ್ಯಸ್ಥಲವನ್ನು ಸುತ್ತಲೂ ಗೋಡೆ ಕಟ್ಟಿ ನೀರಿನ ನಡುವೆಯೇ ಉಳಿಸಿಕೊಂಡುದು ಯೋಗ್ಯವೇ ಆಯಿತು. ಆದರೆ ಸ್ಥಾವರವು ಜಂಗಮಕ್ಕೆ ದಾರಿಯಾಗಬೇಕು, ದಾರಿಗೆ ಅಡ್ಡವಾಗಬಾರದು.

ಕಲ್ಯಾಣವು ಚದುರಿದಾಗ ಶರಣರು ಏನನ್ನು ಮಾಡಿದರೆಂಬುದನ್ನು ನೋಡಬೇಕು. ಗುರುವಿನಂತಿದ್ದವರನ್ನೂ ಬಂಧುಗಳನ್ನೂ ಊರನ್ನೂ ಏಕಕಾಲದಲ್ಲಿ ಕಳೆದುಕೊಂಡವರು ಅವರು. ಚೆನ್ನಬಸವಣ್ಣನವರೊಡನೆ ಉಳವಿಯ ಕಡೆಗೆ ಹೊರಟ ಆ ಶರಣಗಣವು ವಚನದ ಕಟ್ಟುಗಳನ್ನು ಕಾಪಾಡಿಕೊಂಡು ನಡೆಯಿತೆಂದು ಪರಂಪರೆ ನೆನೆಯುತ್ತದೆ. ಕಾಲಾಂತರದಲ್ಲಿ ಅನೇಕ ಮನೆಗಳಲ್ಲಿ ಆ ತಾಳೆಗರಿಯ ಕಟ್ಟುಗಳು ಜಗಲಿಯನ್ನೇರಿ ಕುಳಿತವು. ವಿಭೂತಿ ಹೂಗಳನ್ನೇರಿಸಿ ಕೈಮುಗಿಯುವವರಿದ್ದರು, ಬಿಚ್ಚಿ ಓದುವವರು ವಿರಳರಾದರು. ಸ್ಮರಣೆ ಸ್ಥಾವರವಾಯಿತು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಆ ಕಟ್ಟುಗಳನ್ನು ಅರಸಿ ಊರೂರು ತಿರುಗಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಜಗಲಿಯ ಮೇಲೆ ನಿಂತಿದ್ದುದು ಮತ್ತೆ ನಡೆಯತೊಡಗಿತು. ಮನೆಯ ಹಿರಿಯರ ನೆನಪಿಗೂ ಇದೇ ನ್ಯಾಯ. ಗೋಡೆಯ ಮೇಲಿನ ಭಾವಚಿತ್ರಕ್ಕೆ ಮಾಲೆ ಹಾಕುವುದು ಕಟ್ಟಿಗೆ ಹೂವೇರಿಸಿದಂತೆ. ಅವರ ನಡೆಯನ್ನು ನಡೆಯುವುದು ಕಟ್ಟನ್ನು ಬಿಚ್ಚಿ ಓದಿದಂತೆ.

ಇತ್ತೀಚಿನ ವರ್ಷಗಳಲ್ಲಿಯೂ ಇದಕ್ಕೆ ಉಜ್ಜ್ವಲವಾದ ನಿದರ್ಶನಗಳಿವೆ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳವರು 2019ನೆಯ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಮಕ್ಕಳ ಊಟವಾಗುವ ಮುನ್ನ ತಮ್ಮ ಮರಣವಾರ್ತೆಯನ್ನು ತಿಳಿಸಬಾರದೆಂಬುದು ಅವರ ಇಚ್ಛೆಯಾಗಿತ್ತು. ಅದರಂತೆಯೇ ಮಕ್ಕಳು ಉಂಡ ಮೇಲೆ ವಾರ್ತೆಯನ್ನು ಪ್ರಕಟಿಸಲಾಯಿತು. ಅವರ ಗದ್ದುಗೆ ಅಲ್ಲಿದೆ. ಆದರೆ ಅವರ ಸ್ಮರಣೆಯ ದಿನವು ದಾಸೋಹ ದಿನವೆಂದು ನಡೆಯುತ್ತಿರುವುದರಲ್ಲಿ ಅವರ ನಿಜವಾದ ನೆನಪಿದೆ.

ವಿಜಯಪುರದ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳವರು 2023ನೆಯ ಜನವರಿ 2ರಂದು ದೇಹವಿಟ್ಟರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕೆಂದೂ, ಭಸ್ಮವನ್ನು ನದಿಯಲ್ಲಿಯೋ ಸಾಗರದಲ್ಲಿಯೋ ವಿಸರ್ಜಿಸಬೇಕೆಂದೂ, ಯಾವ ಸ್ಮಾರಕವನ್ನೂ ಕಟ್ಟಬಾರದೆಂದೂ ಅವರು 2014ರಲ್ಲಿಯೇ ಬರೆದಿಟ್ಟಿದ್ದರು. ಸಮಾಧಿಯ ರೂಢಿಗಿಂತ ಭಿನ್ನವಾದ ಈ ಇಚ್ಛೆಯನ್ನು ಭಕ್ತರು ಶಿರಸಾವಹಿಸಿ ನಡೆಸಿದರು. ಒಬ್ಬರಿಗೆ ಗದ್ದುಗೆಯುಂಟು, ಮತ್ತೊಬ್ಬರಿಗೆ ಇಲ್ಲ. ಜನರ ಎದೆಯಲ್ಲಿ ಇಬ್ಬರಿಗೂ ನೆಲೆಯಿದೆ. ಗದ್ದುಗೆಯಿಂದ ನೆನಪು ಬಂದುದಲ್ಲ, ಬಾಳಿದ ಬಾಳಿನಿಂದ ಬಂದುದೆಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಗೃಹಸ್ಥರು ಆಚರಿಸತಕ್ಕ ಕ್ರಮ

ಮೇಲಿನ ವಿಚಾರವನ್ನು ಮನೆಯಲ್ಲಿ ಆಚರಣೆಗೆ ತರುವ ಬಗೆ ಸರಳವಾದುದು.

ಒಂದು: ಶಿವಗಣಾರಾಧನೆಯನ್ನು ಸಾಲ ಮಾಡಿ ನಡೆಸಬಾರದು. ಜನ ಏನೆಂದಾರೆಂಬ ಅಂಜಿಕೆಯಿಂದ ಹೊಲವನ್ನು ಒತ್ತೆಯಿಟ್ಟು ನೂರಾರು ಜನಕ್ಕೆ ಉಣಬಡಿಸಿದರೆ, ಉಂಡವರು ಮರೆಯುತ್ತಾರೆ, ಬಡ್ಡಿ ಮರೆಯುವುದಿಲ್ಲ. ಕಾಯಕದಿಂದ ಬಂದುದರಲ್ಲಿ ಐದು ಜನರಿಗೆ ಪ್ರೀತಿಯಿಂದ ನೀಡಿದ ಅಂಬಲಿಯೂ ಪ್ರಸಾದವೇ ಸರಿ.

ಎರಡು: ಅಗಲಿದವರು ಮಾಡುತ್ತಿದ್ದ ಒಂದು ಸತ್ಕಾರ್ಯವನ್ನು ಮನೆಯವರಲ್ಲಿ ಒಬ್ಬರು ವಹಿಸಿಕೊಳ್ಳಬೇಕು. ಅಜ್ಜನು ಗುಡಿಯ ಬಿಲ್ವದ ಗಿಡಕ್ಕೆ ನೀರೆರೆಯುತ್ತಿದ್ದರೆ ಮೊಮ್ಮಗನು ಎರೆಯಲಿ. ತಾಯಿಯು ಬೇಸಗೆಯಲ್ಲಿ ದಾರಿಗರಿಗೆ ಮಜ್ಜಿಗೆ ಕೊಡುತ್ತಿದ್ದರೆ ಸೊಸೆಯು ಕೊಡಲಿ. ಕೆಲಸವು ಚಿಕ್ಕದಾದರೂ ಬಿಡದೆ ನಡೆಯಬೇಕು.

ಮೂರು: ವಾರಕ್ಕೊಮ್ಮೆ ಮನೆಯವರೆಲ್ಲ ಕುಳಿತು ಒಂದು ವಚನವನ್ನೋದಿ, ಅಗಲಿದವರ ವಿಷಯವಾಗಿ ಒಂದೆರಡು ಮಾತನಾಡಬೇಕು. ಅವರ ಗುಣವನ್ನು ಹೇಳುವಂತೆ ಅವರ ಹಟವನ್ನೂ ಹೇಳಿ ನಗಬಹುದು. ಹೆಸರೆತ್ತಿದರೆ ಅಳು ಬರುವುದೆಂದು ಹೆಸರನ್ನೇ ಮುಚ್ಚಿಡುವ ಮನೆಯಲ್ಲಿ ದುಃಖವು ಹಳೆಯದಾಗುವುದೇ ಹೊರತು ಹಗುರಾಗುವುದಿಲ್ಲ.

ನಾಲ್ಕು: ನೆರೆಯ ಭಕ್ತರು ಗಣಾರಾಧನೆಗೆ ಬಂದು ಹೋದುದರಿಂದಲೇ ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯಬಾರದು. ಬಂಧುಗಳೆಲ್ಲ ಊರಿಗೆ ಮರಳಿದ ಮೇಲೆಯೇ ಮನೆ ಬರಿದಾಗಿ ಕಾಣುವುದು. ಮೂರನೆಯ ತಿಂಗಳಲ್ಲಿ, ಆರನೆಯ ತಿಂಗಳಲ್ಲಿ ಹೋಗಿ ಒಂದು ಗಳಿಗೆ ಕುಳಿತು ಬರುವುದು ನಿಜವಾದ ಜಂಗಮಸೇವೆ. ಬಹುಕಾಲ ಅನ್ನ ನಿದ್ರೆಗಳೇ ಇಲ್ಲದಂತಾದವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದರಲ್ಲಿಯೂ ಸಂಕೋಚ ಸಲ್ಲದು.

ಎಳೆಯ ಮಗುವನ್ನು ಕಳೆದುಕೊಂಡವರ ದುಃಖವು ಎಲ್ಲಕ್ಕಿಂತ ಕಠಿಣವಾದುದು. ಹಿರಿಯರಾದರೆ ಅವರು ನಡೆದ ದಾರಿಯಾದರೂ ಉಳಿದಿರುತ್ತದೆ. ಕೂಸು ನಡೆಯಲೇ ಇಲ್ಲವಲ್ಲ ಎಂಬುದು ಆ ತಾಯಿಯ ಅಳಲು. ಅವಳಿಗೆ ತತ್ತ್ವವನ್ನು ಬೋಧಿಸಲು ಯಾರೂ ಅವಸರಪಡಬಾರದು. ಆ ಕೂಸಿಗೆಂದು ತುಂಬಿಕೊಂಡ ಮಮತೆಯು ಎದೆಯಲ್ಲಿ ಹಾಗೆಯೇ ಇರುತ್ತದೆ. ಅದಕ್ಕೆ ಹರಿಯಲು ಎಡೆ ಬೇಕು. ಕಾಲ ಬಂದಾಗ ಅವಳು ತಾನಾಗಿಯೇ ನೆರೆಮನೆಯ ಬಡಮಗುವಿಗೆ ಒಂದು ಅಂಗಿಯನ್ನು ಹೊಲಿದು ಕೊಟ್ಟಾಳು, ಶಾಲೆಯ ಮಗುವಿಗೆ ಒಂದು ಪುಸ್ತಕವನ್ನು ಕೊಟ್ಟಾಳು. ಅಂದು ಆ ಕೂಸೂ ಲೋಕದಲ್ಲಿ ಒಂದು ಹೆಜ್ಜೆ ನಡೆದಂತಾಯಿತು.

ಶೋಕವು ಪ್ರೀತಿಯ ಮತ್ತೊಂದು ಮುಖ. ಪ್ರೀತಿಯನ್ನು ಕೀಳಬೇಕೆಂದು ಶರಣರು ಹೇಳಲಿಲ್ಲ. ಅದನ್ನು ಒಬ್ಬರಿಂದ ಅನೇಕರಿಗೆ ಹರಿಸಬೇಕೆಂದು ಕಲಿಸಿ, ಅದಕ್ಕೆ ದಾಸೋಹವೆಂಬ ಹೆಸರನ್ನಿಟ್ಟರು. ಲಿಂಗೈಕ್ಯರಾದವರಿಗೆ ಇನ್ನು ಯಾರ ಸೇವೆಯೂ ಬೇಕಾಗಿಲ್ಲ. ಅವರಿಗೆ ಸಲ್ಲುತ್ತಿದ್ದ ಸೇವೆಯು ಹಸಿದವರಿಗೆ, ಒಂಟಿಯಾದವರಿಗೆ, ಓದುವ ಮಕ್ಕಳಿಗೆ ಸಲ್ಲಲಿ. ಸದ್ಭಕ್ತರು ಹೀಗೆ ನಡೆದುಕೊಂಡಲ್ಲಿ ಪ್ರತಿಯೊಂದು ದಿನವೂ ಪುಣ್ಯಸ್ಮರಣೆಯ ದಿನವೇ ಆಗುವುದು.